ಹಳೆಯ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್: ಡ್ರೈವರ್ ಹುಡುಕುವ ಮೊದಲು ನೋಡಬೇಕಾದದ್ದು

‘ಡ್ರೈವರ್ ಸಿಗುತ್ತಿಲ್ಲ’ ಎಂಬ ದೂರಿನ ಕೆಳಗೆ ಮೂರು ಬೇರೆ ಬೇರೆ ರೋಗಗಳು ಅಡಗಿರುತ್ತವೆ. ನೆಟ್‌ವರ್ಕ್ ಕಾರ್ಡ್ ಇದೆಯೆಂಬುದೇ ಕಂಪ್ಯೂಟರಿಗೆ ಗೊತ್ತಿಲ್ಲದಿರುವುದು ಒಂದು. ಕಾರ್ಡ್ ಕಂಡರೂ ಅದನ್ನು ನಡೆಸುವ ತಂತ್ರಾಂಶ ಇಲ್ಲದಿರುವುದು ಇನ್ನೊಂದು. ತಂತ್ರಾಂಶ ಕೂತು, ಕಾರ್ಡ್ ಎದ್ದು ನಿಂತು, ಆದರೂ ನೆಟ್ ಬಾರದಿರುವುದು ಮೂರನೆಯದು. ಡ್ರೈವರ್ ಹಾಕಿದರೆ ವಾಸಿಯಾಗುವುದು ಇವುಗಳಲ್ಲಿ ನಡುವಿನದು ಮಾತ್ರ. ಆದರೆ ನಮ್ಮವರು ಮೂರಕ್ಕೂ ಅದೇ ಮದ್ದು ಕೊಡುತ್ತಾರೆ. ಒಂದರ ಮೇಲೊಂದು ಡ್ರೈವರ್ ಹಾಕಿ, ಕೊನೆಗೆ ‘ಯಂತ್ರ ಹಳೆಯದಾಯಿತು’ ಎಂದು ಕೈ ತೊಳೆದುಕೊಳ್ಳುತ್ತಾರೆ.

ಉಡುಪಿ, ಮಂಗಳೂರು ಕಡೆ ಇಂಥ ಹಳೆಯ ಯಂತ್ರಗಳಿಗೆ ಬರವಿಲ್ಲ. ದೇವಸ್ಥಾನದ ಸೇವಾ ರಸೀದಿ ಕೌಂಟರಿನಲ್ಲಿ, ಹಾಲಿನ ಸೊಸೈಟಿಯಲ್ಲಿ, ನುಡಿ ಅಕ್ಷರದಲ್ಲಿ ವರ್ಷಗಟ್ಟಲೆ ಟೈಪು ಮಾಡಿದ ಕಡತಗಳಿರುವ ಸಣ್ಣ ಮುದ್ರಣಾಲಯದಲ್ಲಿ ವಿಂಡೋಸ್ 7 ಇನ್ನೂ ನಡೆಯುತ್ತಿದೆ, ಕೆಲವೆಡೆ ಎಕ್ಸ್‌ಪಿ ಕೂಡ. ‘ಓಡುವಷ್ಟು ದಿನ ಓಡಲಿ ಮಾರಾಯರೇ’ ಎನ್ನುತ್ತಾರೆ ಮೊಕ್ತೇಸರರು. ಅದರಲ್ಲಿ ತಪ್ಪೇನೂ ಇಲ್ಲ. ಹಾರ್ಡ್ ಡಿಸ್ಕ್ ಕೆಟ್ಟು ವಿಂಡೋಸ್ ಹೊಸದಾಗಿ ಹಾಕಿಸಿದ ದಿನ ತಾಪತ್ರಯ ಶುರುವಾಗುತ್ತದೆ. ಪರದೆ ಬಂತು, ಪ್ರಿಂಟರ್ ಬಂತು, ನೆಟ್ ಬರಲಿಲ್ಲ. ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು.

ಮೊದಲು ಹಿಂಬದಿ, ಆಮೇಲೆ ಪರದೆ

ಕೇಬಲ್ ಸಿಕ್ಕಿಸಿ, ಕಂಪ್ಯೂಟರ್ ಚಾಲು ಮಾಡಿ, ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ನೋಡಿ. ಆ ಕೇಬಲ್ ಕೂರುವ ಕಿಂಡಿಯ, ಅಂದರೆ ಲ್ಯಾನ್ ಪೋರ್ಟಿನ, ಪಕ್ಕದ ಪುಟ್ಟ ದೀಪ ಉರಿಯುತ್ತಿದೆಯೇ? ಉರಿಯುತ್ತಿದ್ದರೆ ಕಾರ್ಡಿಗೂ ರೂಟರಿಗೂ ನಡುವೆ ವಿದ್ಯುತ್ ಸಂಪರ್ಕ ಇದೆ. ಇದಕ್ಕೆ ಡ್ರೈವರ್ ಬೇಕೆಂದಿಲ್ಲ. ಹಲವು ಮದರ್‌ಬೋರ್ಡ್‌ಗಳಲ್ಲಿ ಕಂಪ್ಯೂಟರ್ ಆರಿಸಿದ್ದರೂ ಪ್ಲಗ್ಗಿನಲ್ಲಿ ಕರೆಂಟು ಇದ್ದರೆ ಸಾಕು, ದೀಪ ಉರಿಯುತ್ತದೆ. ಉರಿಯದಿದ್ದರೆ ಕಾರ್ಡ್ ಸತ್ತಿದೆ ಎಂದು ತೀರ್ಮಾನಿಸಬೇಡಿ. ಕೇಬಲ್ ಕೆಟ್ಟಿರಬಹುದು, ವಿಂಡೋಸಿಗಿಂತ ಮೊದಲೇ ಏಳುವ ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಪೋರ್ಟ್ ಮುಚ್ಚಿರಬಹುದು, ಅಥವಾ ಕಾರ್ಡ್ ನಿದ್ದೆಗೆ ಜಾರಿರಬಹುದು. ಈ ನಿದ್ದೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ಪರದೆಗೆ ಬನ್ನಿ. ಕಂಪ್ಯೂಟರ್ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಮ್ಯಾನೇಜ್’ ಆರಿಸಿ, ಅಲ್ಲಿಂದ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಅದರ್ ಡಿವೈಸಸ್’ ಎಂಬ ಗುಂಪಿನಲ್ಲಿ ‘ಈಥರ್‌ನೆಟ್ ಕಂಟ್ರೋಲರ್’ ಎಂಬ ಹೆಸರು ಹಳದಿ ಗುರುತಿನೊಂದಿಗೆ ಕಂಡರೆ ಸಂತೋಷಪಡಿ. ಕಾರ್ಡ್ ಜೀವಂತವಿದೆ, ಡ್ರೈವರ್ ಇಲ್ಲ, ಅಷ್ಟೇ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಗುಂಪಿನಲ್ಲಿ ಕಾರ್ಡಿನ ಪೂರ್ತಿ ಹೆಸರಿದ್ದು ಹಳದಿ ಗುರುತಿಲ್ಲದಿದ್ದರೆ ಡ್ರೈವರ್ ಆಗಲೇ ಕೂತಿದೆ. ಅದನ್ನು ಮುಟ್ಟಬೇಡಿ, ನಿಮ್ಮ ತೊಂದರೆ ಬೇರೆಲ್ಲೋ ಇದೆ. ಎರಡು ಕಡೆಯೂ ಏನೂ ಇಲ್ಲದಿದ್ದರೆ ಜಗತ್ತಿನ ಯಾವ ಡ್ರೈವರಿನಿಂದಲೂ ಉಪಯೋಗವಿಲ್ಲ.

ಇಲ್ಲೊಂದು ಗೊಂದಲ ಆಗಾಗ ಕಾಣಿಸುತ್ತದೆ. ಹಳದಿ ಗುರುತಿನ ಸಾಲಿನಲ್ಲಿ ‘ಈಥರ್‌ನೆಟ್ ಕಂಟ್ರೋಲರ್’ ಎಂದಿದ್ದರೆ ಅದು ತಂತಿಯ ಕಾರ್ಡ್. ‘ನೆಟ್‌ವರ್ಕ್ ಕಂಟ್ರೋಲರ್’ ಎಂದಿದ್ದರೆ ಅದು ಸಾಮಾನ್ಯವಾಗಿ ವೈಫೈ. ಹೆಸರು ನೋಡಿ ಮೋಸಹೋಗಿ ವೈಫೈಗೆ ಲ್ಯಾನ್ ಡ್ರೈವರ್ ತುರುಕಲು ಹೆಣಗುವವರು ಬಹಳ.

ಏನೂ ಕಾಣದಿದ್ದಾಗ

ಕರಾವಳಿಯಲ್ಲಿ ಇದಕ್ಕೆ ಮೊದಲ ಶಂಕಿತ ಸಿಡಿಲು. ಪತ್ತನಾಜೆಯ ಆಸುಪಾಸಿನಲ್ಲಿ ಮಳೆಗಾಲ ಶುರುವಾಗುವ ಮುನ್ನ ಬರುವ ಗುಡುಗು ಮಳೆ, ಮತ್ತೆ ನವರಾತ್ರಿ ಕಳೆದ ಮೇಲೆ ಸಂಜೆ ಹೊತ್ತಿಗೆ ಏಳುವ ಗುಡುಗು, ಇವೆರಡೂ ಲ್ಯಾನ್ ಪೋರ್ಟುಗಳ ಪಾಲಿಗೆ ಕೇಡಿನ ಕಾಲ. ಜನ ಗುಡುಗು ಕೇಳಿದೊಡನೆ ಕರೆಂಟಿನ ಪ್ಲಗ್ ಎಳೆಯುತ್ತಾರೆ, ಲ್ಯಾನ್ ಕೇಬಲ್ ಹಾಗೇ ಬಿಡುತ್ತಾರೆ. ಹೊರಗಿನಿಂದ ಬರುವ ಟೆಲಿಫೋನ್ ತಂತಿಯಲ್ಲಿ ನುಗ್ಗಿದ ವಿದ್ಯುತ್ತು ಮೋಡೆಮ್ ಹಾದು, ಅದೇ ಕೇಬಲ್ ಹಿಡಿದು ಕಂಪ್ಯೂಟರಿಗೆ ಬರುತ್ತದೆ. ಯುಪಿಎಸ್ ಇದ್ದರೂ ಈ ದಾರಿಗೆ ಅದರ ಕಾವಲಿಲ್ಲ. ಈಗಿನ ಫೈಬರ್ ಸಂಪರ್ಕದಲ್ಲಿ ಗಾಜಿನ ಎಳೆ ವಿದ್ಯುತ್ ಒಯ್ಯುವುದಿಲ್ಲ, ನಿಜ. ಆದರೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ, ಅಲ್ಲಿಂದ ಕಂಪ್ಯೂಟರಿನವರೆಗೆ ತಾಮ್ರವೇ. ಆದ್ದರಿಂದ ದೂರು ಹೇಳುವವರನ್ನು ನಾನು ಕೇಳುವ ಮೊದಲ ಪ್ರಶ್ನೆ ‘ಯಾವ ವಿಂಡೋಸ್?’ ಎಂದಲ್ಲ, ‘ನೆಟ್ ನಿಂತದ್ದು ಮಳೆಯ ದಿನವೇ?’ ಎಂದು.

ಸಿಡಿಲಲ್ಲವಾದರೆ ಎರಡನೆಯ ಶಂಕಿತ ಬಯೋಸ್. ಕಂಪ್ಯೂಟರ್ ಚಾಲು ಮಾಡಿದೊಡನೆ ಡಿಲೀಟ್ ಅಥವಾ ಎಫ್2 ಗುಂಡಿ ಒತ್ತಿ ಒಳಹೊಕ್ಕು ‘ಆನ್‌ಬೋರ್ಡ್ ಲ್ಯಾನ್’ ಎಂಬ ಸಾಲು ಹುಡುಕಿ. ‘ಡಿಸೇಬಲ್ಡ್’ ಎಂದಿದ್ದರೆ ‘ಎನೇಬಲ್ಡ್’ ಮಾಡಿ. ಅದರ ಕೆಳಗಿರುವ ‘ಲ್ಯಾನ್ ಬೂಟ್ ರಾಮ್’ ಬೇರೆ ಸಂಗತಿ, ಅದನ್ನು ಚಾಲು ಮಾಡಿ ಕೆಲಸವಾಯಿತೆಂದು ಹೊರಬರಬೇಡಿ.

ಕಾರ್ಡ್ ಮದರ್‌ಬೋರ್ಡಿನಲ್ಲೇ ಇರದೆ ಸ್ಲಾಟಿನಲ್ಲಿ ಕೂರುವ ಪ್ರತ್ಯೇಕ ಪಿಸಿಐ ಕಾರ್ಡ್ ಆಗಿದ್ದರೆ ಪ್ಲಗ್ ತೆಗೆದು, ಕ್ಯಾಬಿನೆಟ್ ಬಿಚ್ಚಿ, ಕಾರ್ಡನ್ನು ಹೊರಗೆಳೆಯಿರಿ. ಸಮುದ್ರದ ಉಪ್ಪುಗಾಳಿಗೂ ಆಟಿ ತಿಂಗಳ ತೇವಕ್ಕೂ ಅದರ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿರುತ್ತವೆ, ಕೆಲವೊಮ್ಮೆ ಹಸಿರು ಕಿಲುಬು ಹಿಡಿದಿರುತ್ತದೆ. ಮೃದುವಾದ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಬೇರೊಂದು ಸ್ಲಾಟಿನಲ್ಲಿ ಕೂರಿಸಿ. ಮರಳು ಕಾಗದ ಬೇಡ, ಚಿನ್ನದ ತೆಳುಲೇಪವೇ ಹೋಗಿಬಿಡುತ್ತದೆ. ಸತ್ತಿತೆಂದು ಮೂಲೆಗೆ ಎಸೆದ ಕಾರ್ಡುಗಳು ಈ ಉಪಚಾರದಿಂದ ಎದ್ದು ಬಂದದ್ದುಂಟು.

ಇನ್ನು ಆ ನಿದ್ದೆಯ ವಿಷಯ. ರಿಯಲ್‌ಟೆಕ್ ಎಂಬ ಕಂಪನಿಯ ನೆಟ್‌ವರ್ಕ್ ಚಿಪ್ಪುಗಳಲ್ಲಿ ಕೆಲವು, ವಿಂಡೋಸ್ ಮುಚ್ಚುವಾಗ ಅದರ ಡ್ರೈವರ್ ಮಲಗಿಸಿದ ಸ್ಥಿತಿಯಲ್ಲೇ ಉಳಿದುಬಿಡುತ್ತವೆ. ಮುಂದೆ ಬೇರೆ ವ್ಯವಸ್ಥೆ ಅಥವಾ ಹಳೆಯ ಡ್ರೈವರ್ ಬಂದಾಗ ಎಚ್ಚರಗೊಳ್ಳುವುದಿಲ್ಲ. ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಅದರಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸನ್ನೂ ಇಟ್ಟುಕೊಂಡವರಿಗೆ ಇದು ಪರಿಚಿತ ಕಾಟ. ರೀಸ್ಟಾರ್ಟ್ ಮಾಡಿದರೆ ಹೋಗುವುದಿಲ್ಲ, ಏಕೆಂದರೆ ಪ್ಲಗ್ಗಿನಿಂದ ಬರುವ ಕರೆಂಟು ಚಿಪ್ಪಿಗೆ ಸಿಗುತ್ತಲೇ ಇರುತ್ತದೆ. ಪ್ಲಗ್ಗನ್ನೇ ಕಿತ್ತು, ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನೂ ತೆಗೆದು, ಪವರ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಮತ್ತೆ ಚಾಲು ಮಾಡಬೇಕು. ಕ್ಯಾಬಿನೆಟ್ ಬಿಚ್ಚುವ ಮೊದಲೇ ಇದನ್ನು ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ.

ಇಷ್ಟಾದರೂ ಅನುಮಾನ ಉಳಿದರೆ ಲಿನಕ್ಸನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಎಬ್ಬಿಸಿ. ಡಿಸ್ಕಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ‘ಲೈವ್’ ಆಗಿ ನಡೆಸಿದರೆ ಸಾಕು. ನನ್ನ ಮಟ್ಟಿಗೆ ಇದೇ ಕೊನೆಯ ನ್ಯಾಯಾಲಯ. ಹಳೆಯ ಕಾರ್ಡುಗಳ ಡ್ರೈವರುಗಳು ಲಿನಕ್ಸಿನ ತಿರುಳಾದ ಕರ್ನೆಲ್ ಜೊತೆಗೇ ಬರುತ್ತವೆ, ರಿಯಲ್‌ಟೆಕ್ ಗಿಗಾಬಿಟ್ ಚಿಪ್ಪುಗಳಿಗೆ ಆರ್8169 ಎಂಬುದು, 8139 ಚಿಪ್ಪಿಗೆ 8139ಟೂ ಎಂಬುದು. ಅಲ್ಲಿ ನೆಟ್ ಬಂದರೆ ಕಾರ್ಡ್, ಕೇಬಲ್, ರೂಟರ್ ಮೂರೂ ನಿರ್ದೋಷಿಗಳು, ತಪ್ಪು ವಿಂಡೋಸಿನ ಕಡೆಯದು. ಅಲ್ಲೂ ಕಾರ್ಡ್ ಪಟ್ಟಿಗೇ ಬಾರದಿದ್ದರೆ ಅದರ ಆಸೆ ಬಿಡಿ. 64 ಬಿಟ್ ಪ್ರೊಸೆಸರ್ ಇಲ್ಲದಷ್ಟು ಹಳೆಯ ಯಂತ್ರವಾದರೆ ಡೆಬಿಯನ್ ಎಂಬ ಲಿನಕ್ಸಿನ, 32 ಬಿಟ್ ಲೈವ್ ರೂಪ ಇರುವ ಹಳೆಯ ಆವೃತ್ತಿ ತೆಗೆದುಕೊಳ್ಳಿ, 2025ರಲ್ಲಿ ಬಂದ ಡೆಬಿಯನ್ 13ರಿಂದ 32 ಬಿಟ್ ಯಂತ್ರಗಳಿಗೆ ಇನ್‌ಸ್ಟಾಲರ್ ಇಲ್ಲ.

ಸತ್ತ ಕಾರ್ಡಿಗೆ ಬದಲಿ ಕೊಳ್ಳುವಾಗ ಸ್ಲಾಟ್ ನೋಡಿಕೊಂಡು ಹೋಗಿ. ಹಳೆಯ ಪಿಸಿಐ ಸ್ಲಾಟ್ ಉದ್ದ, ಪಿಸಿಐ ಎಕ್ಸ್‌ಪ್ರೆಸ್‌ನ ಚಿಕ್ಕ ಸ್ಲಾಟ್ ಬೆರಳಿನಷ್ಟು. ಒಂದರ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಆದರೂ ನಡೆಯುತ್ತದೆ, ಆದರೆ ನಿಮ್ಮ ವಿಂಡೋಸಿಗೆ ಅದರ ಡ್ರೈವರ್ ಉಂಟೇ ಎಂದು ಅಂಗಡಿಯಲ್ಲೇ ವಿಚಾರಿಸಿ.

ಕಾರ್ಡ್ ಕಂಡು ಡ್ರೈವರ್ ಇಲ್ಲದಾಗ

ಈಗ ನಿಜವಾದ ಡ್ರೈವರ್ ಸಮಸ್ಯೆ. ಇಲ್ಲಿ ಎಲ್ಲರೂ ಎಡವುವುದು ಹೆಸರಿನ ಬೆನ್ನು ಹತ್ತಿ. ಕ್ಯಾಬಿನೆಟ್ಟಿನ ಮೇಲಿನ ಹೆಸರು, ಕಾರ್ಡಿನ ಡಬ್ಬಿಯ ಹೆಸರು, ಬಿಲ್ಲಿನಲ್ಲಿ ಬರೆದ ಹೆಸರು ಯಾವುದೂ ಮುಖ್ಯವಲ್ಲ. ಡಬ್ಬಿಯ ಮೇಲೆ ಒಂದು ಕಂಪನಿಯ ಹೆಸರಿದ್ದು ಒಳಗಿನ ಚಿಪ್ ರಿಯಲ್‌ಟೆಕ್‌ನದಾಗಿರುವುದು ತೀರಾ ಸಾಮಾನ್ಯ. ಡ್ರೈವರ್ ಕೇಳುವುದು ಚಿಪ್ಪಿನ ಗುರುತನ್ನು. ಗೇರುಬೀಜ ಕೊಳ್ಳುವವರು ಗೋಣಿಚೀಲದ ಮೇಲಿನ ಅಕ್ಷರ ಓದಿ ಬೆಲೆ ಕಟ್ಟುವುದಿಲ್ಲ, ಕೈಹಾಕಿ ಬೀಜ ತೆಗೆದು ನೋಡುತ್ತಾರೆ. ಇಲ್ಲಿಯೂ ಅಷ್ಟೇ.

ಹಳದಿ ಗುರುತಿನ ಸಾಲಿನ ಮೇಲೆ ಬಲಗುಂಡಿ, ‘ಪ್ರಾಪರ್ಟೀಸ್’, ಅಲ್ಲಿ ‘ಡೀಟೇಲ್ಸ್’, ಕೆಳಗಿಳಿಯುವ ಪಟ್ಟಿಯಲ್ಲಿ ‘ಹಾರ್ಡ್‌ವೇರ್ ಐಡೀಸ್’. ಉದ್ದನೆಯ ಸಾಲೊಂದು ಬರುತ್ತದೆ. ಅದರಲ್ಲಿ ವಿಇಎನ್ ಎಂಬುದರ ಮುಂದಿನ ನಾಲ್ಕು ಅಕ್ಷರ ಚಿಪ್ ತಯಾರಕರದು, ಡಿಇವಿ ಮುಂದಿನ ನಾಲ್ಕು ಚಿಪ್ಪಿನದು. 10ಇಸಿ ಎಂದರೆ ರಿಯಲ್‌ಟೆಕ್. 8086 ಎಂದರೆ ಇಂಟೆಲ್, 1978ರ ತನ್ನ ಪ್ರಸಿದ್ಧ ಪ್ರೊಸೆಸರಿನ ಸಂಖ್ಯೆಯನ್ನೇ ಅದು ಇಲ್ಲಿ ಇಟ್ಟುಕೊಂಡಿದೆ. 14ಇ4 ಬ್ರಾಡ್‌ಕಾಮ್, 1106 ವಿಐಎ, 10ಡಿಇ ಎನ್‌ವಿಡಿಯಾ, 1039 ಎಸ್‌ಐಎಸ್, 11ಎಬಿ ಮಾರ್ವೆಲ್, 1969 ಅಥೆರೋಸ್. ನಮ್ಮ ಕಡೆಯ ಹಳೆಯ ಯಂತ್ರಗಳಲ್ಲಿ 10ಇಸಿ ಕಾಣುವುದೇ ಹೆಚ್ಚು. ಅದರಲ್ಲಿ ಡಿಇವಿ 8139 ಆದರೆ ಹಳೆಯ 100 ಎಂಬಿಪಿಎಸ್ ಪಿಸಿಐ ಚಿಪ್. 8136 ಕೂಡ 100ರದೇ, ಆದರೆ ಪಿಸಿಐ ಎಕ್ಸ್‌ಪ್ರೆಸ್ ಕುಲದ್ದು. 8169 ಗಿಗಾಬಿಟ್ ಪಿಸಿಐ, 8168 ಗಿಗಾಬಿಟ್ ಪಿಸಿಐ ಎಕ್ಸ್‌ಪ್ರೆಸ್. ಈ 8168 ಎಂಬ ಒಂದೇ ಸಂಖ್ಯೆಯಡಿ ಹಲವು ತಲೆಮಾರಿನ ಚಿಪ್ಪುಗಳಿವೆ, ಅವುಗಳನ್ನು ಬೇರ್ಪಡಿಸುವುದು ಅದೇ ಸಾಲಿನ ಕೊನೆಯಲ್ಲಿ ಆರ್‌ಇವಿ ಎಂಬುದರ ಮುಂದಿರುವ ಎರಡು ಅಕ್ಷರ. ಸಂಖ್ಯೆ ಸರಿಯಿದ್ದೂ ಡ್ರೈವರ್ ಒಪ್ಪದಿದ್ದರೆ ಅದನ್ನು ಗಮನಿಸಿ. ಪೂರ್ತಿ ಸಾಲನ್ನು ಕಾಗದದಲ್ಲಿ ಬರೆಯುವ ಬದಲು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. 8ನ್ನು ಬಿ ಎಂದು ಓದಿ ದಿನ ಕಳೆಯುವುದು ತಪ್ಪುತ್ತದೆ.

ನೆಟ್ ಇಲ್ಲದ ಯಂತ್ರಕ್ಕೆ ಡ್ರೈವರ್ ತರುವುದು ಹೇಗೆ? ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ‘ಯುಎಸ್‌ಬಿ ಟೆದರಿಂಗ್’ ಚಾಲು ಮಾಡಿದರೆ ವಿಂಡೋಸ್ 7 ಅದನ್ನೇ ನೆಟ್‌ವರ್ಕ್ ಕಾರ್ಡ್ ಎಂದು ಒಪ್ಪಿಕೊಳ್ಳುತ್ತದೆ. ತಾನಾಗಿ ಒಪ್ಪದಿದ್ದರೆ ಡ್ರೈವರ್ ಆರಿಸುವ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಹೆಸರಿನಡಿ ‘ರಿಮೋಟ್ ಎನ್‌ಡಿಐಎಸ್’ ಎಂದಿರುವುದನ್ನು ನೀವೇ ಕೈಯಾರೆ ಆರಿಸಬೇಕು. ಎಕ್ಸ್‌ಪಿಯಲ್ಲಿ ಈ ಹಾದಿ ಸುಲಭವಲ್ಲ, ಬೇರೆ ಕಂಪ್ಯೂಟರಿನಿಂದ ಪೆನ್‌ಡ್ರೈವಿನಲ್ಲಿ ತರುವುದೇ ನೆಮ್ಮದಿ. ತರುವುದು ಚಿಪ್ ತಯಾರಕರ ತಾಣದಿಂದ, ಅಲ್ಲಿ ಸಿಗದಿದ್ದರೆ ಕಂಪ್ಯೂಟರ್ ತಯಾರಕರ ತಾಣದಿಂದ. ‘ನಿಮ್ಮ ಎಲ್ಲ ಡ್ರೈವರುಗಳನ್ನೂ ಒಂದೇ ಒತ್ತಿಗೆ ಸರಿಪಡಿಸುತ್ತೇವೆ’ ಎನ್ನುವ ಉಚಿತ ತಂತ್ರಾಂಶಗಳ ಕಡೆ ತಲೆಹಾಕಬೇಡಿ. ಅವುಗಳ ಜೊತೆ ಕರೆಯದೆ ಬರುವ ಜಾಹೀರಾತು ತಂತ್ರಾಂಶಗಳನ್ನು ತೆಗೆಯುವ ಕೆಲಸ ಡ್ರೈವರ್ ಹಾಕುವ ಕೆಲಸಕ್ಕಿಂತ ದೊಡ್ಡದು.

ತಂದ ಡ್ರೈವರ್ ನಿಮ್ಮ ಕಾರ್ಡಿಗೆ ಹೊಂದುತ್ತದೆಯೇ ಎಂಬುದನ್ನು ಹಾಕಿ ನೋಡಿಯೇ ತಿಳಿಯಬೇಕಾಗಿಲ್ಲ. ಕಡತವನ್ನು 7-ಜಿಪ್‌ನಿಂದ ಬಿಚ್ಚಿ. ಒಳಗೆ ಐಎನ್‌ಎಫ್ ಎಂಬ ಕೊನೆಯುಳ್ಳ ಕಡತ ಇರುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನಿಮ್ಮ ಡಿಇವಿ ಸಂಖ್ಯೆಯನ್ನು ಹುಡುಕಿ. ಸಂಖ್ಯೆ ಇಲ್ಲವೆಂದಾದರೆ ಎಷ್ಟು ಸಲ ‘ನೆಕ್ಸ್ಟ್’ ಒತ್ತಿದರೂ ಆ ಡ್ರೈವರ್ ಕೂರುವುದಿಲ್ಲ. ಇದ್ದರೆ, ಅದು ಯಾವ ವಿಭಾಗದಲ್ಲಿದೆ ಎಂದೂ ನೋಡಿ. 5.1 ಎಂದರೆ ಎಕ್ಸ್‌ಪಿ, 6.1 ಎಂದರೆ ವಿಂಡೋಸ್ 7. ಎಎಂಡಿ64 ಎಂಬುದು ಕಂಡು ‘ನಮ್ಮದು ಇಂಟೆಲ್ ಪ್ರೊಸೆಸರ್, ಇದು ನಮಗಲ್ಲ’ ಎಂದು ಬದಿಗಿಡಬೇಡಿ. 64 ಬಿಟ್ ವಿಂಡೋಸಿಗೆಲ್ಲ ಅದೇ ಹೆಸರು, ಪ್ರೊಸೆಸರ್ ಯಾರದ್ದಾದರೂ ಸರಿ. 32 ಬಿಟ್ ವಿಂಡೋಸಿಗೆ 64ರ ಡ್ರೈವರ್ ಆಗಲಿ, 64ಕ್ಕೆ 32ರದ್ದಾಗಲಿ ನಡೆಯುವುದಿಲ್ಲ.

ಸಂಖ್ಯೆ ಇದೆಯೆಂದು ಖಾತ್ರಿಯಾದರೆ ಸೆಟಪ್ ಕಡತ ತಕರಾರು ಮಾಡಿದರೂ ಅದರ ಹಂಗು ಬೇಡ. ಡಿವೈಸ್ ಮ್ಯಾನೇಜರಿನಲ್ಲಿ ‘ಅಪ್‌ಡೇಟ್ ಡ್ರೈವರ್’, ನಂತರ ‘ಬ್ರೌಸ್ ಮೈ ಕಂಪ್ಯೂಟರ್’, ಅಲ್ಲಿ ಬಿಚ್ಚಿದ ಫೋಲ್ಡರ್ ತೋರಿಸಿ. ಎನ್‌ವಿಡಿಯಾ ಚಿಪ್‌ಸೆಟ್ ಇರುವ ಬೋರ್ಡುಗಳಲ್ಲಿ ಲ್ಯಾನ್ ಡ್ರೈವರ್ ಚಿಪ್‌ಸೆಟ್ ಕಟ್ಟಿನೊಳಗೇ ಸೇರಿರುತ್ತದೆ, ಅಂಥಲ್ಲಿ ಇಡೀ ಕಟ್ಟನ್ನೇ ಹಾಕಬೇಕಾಗುತ್ತದೆ.

ವಿಂಡೋಸ್ 7ರಲ್ಲಿ ಇನ್ನೊಂದು ಗೋಡೆ ಇದೆ. ಎಲ್ಲವೂ ಸರಿಯಿದ್ದೂ ಡ್ರೈವರ್ ಕೂತ ಮೇಲೆ ‘ಕೋಡ್ 52’ ಎಂದು ಬರುತ್ತದೆ, ಅಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ನಂಬುತ್ತಿಲ್ಲ. ಈಚಿನ ಡ್ರೈವರುಗಳ ಸಹಿ ಶಾ-2 ಎಂಬ ಹೊಸ ಪದ್ಧತಿಯದು. ಹಳೆಯ ಸಿಡಿಯಿಂದ ಹಾಕಿದ ವಿಂಡೋಸ್ 7ಕ್ಕೆ ಅದು ಅರ್ಥವಾಗುವುದಿಲ್ಲ. ಸರ್ವೀಸ್ ಪ್ಯಾಕ್ 1 ಇದ್ದು, 2019ರಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಕೆಬಿ4490628 ಮತ್ತು ಕೆಬಿ4474419 ಎಂಬ ಎರಡು ಅಪ್‌ಡೇಟುಗಳನ್ನು ಈ ಕ್ರಮದಲ್ಲೇ ಪೆನ್‌ಡ್ರೈವಿನಿಂದ ಹಾಕಿದರೆ ಗೋಡೆ ಬೀಳುತ್ತದೆ. ಅದಕ್ಕಿಂತ ಸುಲಭವಾದದ್ದು ಅದೇ ಚಿಪ್ಪಿನ ಕೆಲವು ವರ್ಷ ಹಿಂದಿನ ಡ್ರೈವರ್ ಹುಡುಕುವುದು. ಹಳೆಯ ಯಂತ್ರಕ್ಕೆ ಹೊಚ್ಚಹೊಸ ಡ್ರೈವರೇ ಬೇಕೆಂಬ ಹಟ ಒಳ್ಳೆಯದಲ್ಲ. ಎಫ್8 ಒತ್ತಿ ಸಹಿಯ ತಪಾಸಣೆ ನಿಲ್ಲಿಸುವ ಉಪಾಯವೂ ಇದೆ, ಆದರೆ ಅದು ಆ ಒಂದು ಸಲಕ್ಕೆ ಮಾತ್ರ.

ಉಳಿದ ಕೋಡುಗಳನ್ನು ಬೇಗ ಮುಗಿಸೋಣ. 28 ಎಂದರೆ ಡ್ರೈವರ್ ಇಲ್ಲವೇ ಇಲ್ಲ. 22 ಎಂದರೆ ಯಾರೋ ಕಾರ್ಡನ್ನು ನಿಲ್ಲಿಸಿದ್ದಾರೆ, ಬಲಗುಂಡಿ ಒತ್ತಿ ‘ಎನೇಬಲ್’ ಮಾಡಿ. 12 ಎಂದರೆ ಸಂಪನ್ಮೂಲದ ಜಗಳ, ಕಾರ್ಡಿನ ಸ್ಲಾಟ್ ಬದಲಿಸಿ. 10 ಮತ್ತು 39 ಬಂದರೆ ಕೂತಿರುವ ಡ್ರೈವರನ್ನು ಪೂರ್ತಿ ಕಿತ್ತು ಹಾಕಿ. ‘ಅನ್‌ಇನ್‌ಸ್ಟಾಲ್’ ಒತ್ತಿದಾಗ ಡ್ರೈವರ್ ಕಡತಗಳನ್ನೂ ಅಳಿಸಲೇ ಎಂದು ಕೇಳುವ ಚೌಕಕ್ಕೆ ಗುರುತು ಹಾಕದಿದ್ದರೆ, ಮುಂದಿನ ಸಲ ಅದೇ ಕೆಟ್ಟ ಡ್ರೈವರ್ ಬಂದು ಕೂರುತ್ತದೆ.

ಡ್ರೈವರ್ ಕೂತರೂ ನೆಟ್ ಬಾರದಾಗ

ಗಡಿಯಾರ ನೋಡಿ. ಪರದೆಯ ಮೂಲೆಯಲ್ಲಿ 2009 ಎಂದೋ 2012 ಎಂದೋ ಇದ್ದರೆ ಮದರ್‌ಬೋರ್ಡಿನ ಸಿಆರ್2032 ಬಟನ್ ಬ್ಯಾಟರಿ ಸತ್ತಿದೆ. ದಿನಾಂಕ ಹಿಂದಿದ್ದರೆ ತಾಣಗಳ ಭದ್ರತಾ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ ಎಂದು ಬ್ರೌಸರ್ ತಿಳಿಯುತ್ತದೆ, ಯಾವ ತಾಣವನ್ನೂ ತೆರೆಯುವುದಿಲ್ಲ. ಇದನ್ನು ಕಂಡು ಡ್ರೈವರ್ ಕಿತ್ತು ಹಾಕಿದವರಿದ್ದಾರೆ. 3 ವೋಲ್ಟಿನ ಆ ಬ್ಯಾಟರಿ ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ದಿನಾಂಕ ಸರಿಯಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಕೊಟ್ಟು, ನೆಟ್‌ವರ್ಕಿನಲ್ಲಿ ಕಾರ್ಡಿಗೆ ಸಿಕ್ಕ ಸಂಖ್ಯಾರೂಪದ ಐಪಿ ವಿಳಾಸ ನೋಡಿ. 169.254 ಎಂದು ಆರಂಭವಾಗುವ ವಿಳಾಸ ಬಂದರೆ ಕಾರ್ಡ್ ಮಾತಾಡುತ್ತಿದೆ, ರೂಟರ್ ಉತ್ತರ ಕೊಡುತ್ತಿಲ್ಲ. ಹೆಚ್ಚಾಗಿ ಇದು ಕೇಬಲ್ಲಿನ ತೊಂದರೆ. 100 ಎಂಬಿಪಿಎಸ್‌ಗೆ ಕೇಬಲ್ಲಿನ 1, 2, 3, 6ನೇ ತಂತಿಗಳು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ತೇವಕ್ಕೆ ಕಪ್ಪಾದ ತುದಿಯಲ್ಲಿ ಒಂದು ತಂತಿಯ ಸಂಪರ್ಕ ತಪ್ಪಿದರೂ ದೀಪ ಹತ್ತಿ ಆರಿ ಆಟವಾಡುತ್ತದೆ. ತುದಿ ಕತ್ತರಿಸಿ ಹೊಸ ಆರ್‌ಜೆ45 ಹಾಕಿಸಿ. ಕಾರ್ಡಿನ ವೇಗವನ್ನು ‘100 ಫುಲ್ ಡುಪ್ಲೆಕ್ಸ್’ (ಕಳಿಸುವುದೂ ಪಡೆಯುವುದೂ ಒಟ್ಟಿಗೇ) ಎಂದು ಕಟ್ಟಿಹಾಕುವ ಸಲಹೆ ಹಲವರು ಕೊಡುತ್ತಾರೆ. ಪರೀಕ್ಷೆಗೆ ಸರಿ, ಹಾಗೇ ಬಿಡಬೇಡಿ. ಒಂದು ಕಡೆ ಕಟ್ಟಿಹಾಕಿ ಇನ್ನೊಂದು ಕಡೆ ‘ಆಟೊ’ ಇದ್ದರೆ ಆ ಕಡೆಯದು ಒಂದು ಹೊತ್ತಿಗೆ ಒಂದೇ ದಿಕ್ಕಿನ ಹಾಫ್ ಡುಪ್ಲೆಕ್ಸಿಗೆ ಇಳಿಯುತ್ತದೆ. ಸಂಪರ್ಕ ಇದ್ದೂ ಆಮೆಯ ನಡಿಗೆಯಾಗುತ್ತದೆ.

ಸೊಸೈಟಿಗಳಂಥ ಕಡೆ ಐಪಿ ವಿಳಾಸವನ್ನು ಕೈಯಿಂದ ಕೊಟ್ಟಿರುತ್ತಾರೆ. ಹಳೆಯ ಕಾರ್ಡ್ ತೆಗೆದು ಹೊಸದಕ್ಕೆ ಅದೇ ವಿಳಾಸ ಕೊಡಲು ಹೋದರೆ ‘ಇದು ಬೇರೊಂದು ಅಡಾಪ್ಟರಿನಲ್ಲಿದೆ’ ಎಂದು ವಿಂಡೋಸ್ ತಗಾದೆ ತೆಗೆಯುತ್ತದೆ. ಕಿತ್ತ ಕಾರ್ಡಿನ ಪಿಶಾಚಿ ಇನ್ನೂ ಒಳಗೇ ಕೂತಿದೆ ಎಂದರ್ಥ. ಹಳೆಯ ಕಾರ್ಡನ್ನು ಹೊರತೆಗೆಯುವ ಮೊದಲು ಡಿವೈಸ್ ಮ್ಯಾನೇಜರಿನಲ್ಲಿ ಅದನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಈ ರಗಳೆಯೇ ಇಲ್ಲ.

ಎಕ್ಸ್‌ಪಿಯವರಿಗೆ ಬೇರೆಯೇ ಮಾತು. ಡ್ರೈವರ್ ಕೂತು, ಆಚೆಯ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಸರಿಯಾಗಿ ಬಂದು, ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ತಾಣಗಳು ತೆರೆಯದಿದ್ದರೆ ಕಾರ್ಡಿನ ಮೇಲೆ ಸಿಟ್ಟಾಗಬೇಡಿ. ಈಗಿನ ತಾಣಗಳು ಕೇಳುವ ಟಿಎಲ್‌ಎಸ್ 1.2 ಎಂಬ ಭದ್ರ ಸಂಪರ್ಕದ ಪದ್ಧತಿ ಆ ಬ್ರೌಸರಿಗೆ ಗೊತ್ತಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೂ ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೂ ಮುಗಿದಿದೆ. ಸದಸ್ಯರ ಠೇವಣಿಯ ಲೆಕ್ಕ ಇರುವ ಯಂತ್ರವಾದರೆ ಅದನ್ನು ಕಚೇರಿಯೊಳಗಿನ ಪ್ರಿಂಟರಿಗೆ ಮಾತ್ರ ಜೋಡಿಸಿ, ಹೊರಗಿನ ನೆಟ್ ಕೊಡಲೇಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಥ ಕಡೆ ಡ್ರೈವರ್ ಹಾಕಿಕೊಟ್ಟು ಹೊರಗಿನ ನೆಟ್ಟಿಗೆ ದಾರಿ ತೋರುವ ಗೇಟ್‌ವೇ ವಿಳಾಸದ ಜಾಗವನ್ನು ಖಾಲಿ ಬಿಟ್ಟರೆ ಸಾಕು.

ಕೆಲಸ ಮುಗಿದ ಮೇಲೆ ಬಿಚ್ಚಿಟ್ಟ ಡ್ರೈವರ್ ಫೋಲ್ಡರನ್ನು ಯಂತ್ರದ ಡಿ ಡ್ರೈವಿನಲ್ಲೂ ಒಂದು ಪೆನ್‌ಡ್ರೈವಿನಲ್ಲೂ ಉಳಿಸಿ. ವಿಇಎನ್, ಡಿಇವಿ ಸಂಖ್ಯೆಗಳನ್ನು ಬರೆದ ಚೀಟಿಯನ್ನು ಕ್ಯಾಬಿನೆಟ್ಟಿನ ಬದಿಯ ತಗಡಿನ ಒಳಮೈಗೆ ಅಂಟಿಸಿ. ಪೆನ್ಸಿಲಿನಲ್ಲಿ ಬರೆಯಿರಿ, ಇಂಕು ಮಳೆಗಾಲದ ತೇವಕ್ಕೆ ಹರಡುತ್ತದೆ.